ಪ್ರತಿಫಲಕ ಜಾಕೆಟ್ ತೊಟ್ಟಿದ್ದರೂ ರಸ್ತೆ ಕೆಲಸಗಾರರಿಗೆ ವಾಹನಗಳು ಡಿಕ್ಕಿ ಹೊಡೆಯುವುದೇಕೆ?

ಜಾಕೆಟ್ ಕೆಲಸಗಾರ ಕಣ್ಣಿಗೆ ಬೀಳುವಂತೆ ಮಾಡುತ್ತದೆ, ವಾಹನವನ್ನು ತಡೆಯುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕ ಎರಡು ಸೆಕೆಂಡು ಮೊಬೈಲ್ ನೋಡಿದರೆ 44 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆಯೇ. ಇತ್ತ ರಸ್ತೆಗೆ ಬೆನ್ನು ಹಾಕಿ, ಬಗ್ಗಿ ಗುಂಡಿಗೆ ಡಾಂಬರು ತುಂಬುತ್ತಿರುವವರಿಗೆ ಯಂತ್ರದ ಸದ್ದಿನಲ್ಲಿ ಹಾರನ್ ಕೂಡ ಕೇಳಿಸದು. ಪ್ಲಾಸ್ಟಿಕ್ ಕೋನ್‌ಗಳು ದಾರಿ ತೋರಿಸುತ್ತವೆ, ಅಷ್ಟೇ. ನಿಜವಾದ ರಕ್ಷಣೆ ಕಾಂಕ್ರೀಟ್ ತಡೆಗೋಡೆ, ಇಲ್ಲವೇ ಕೆಲಸದ ಜಾಗಕ್ಕಿಂತ ಮುಂಚೆಯೇ ಅಡ್ಡ ನಿಲ್ಲಿಸಿದ, ಹಿಂಬದಿಯಲ್ಲಿ ಹೊಡೆತ ಹೀರುವ ಮೆತ್ತೆಯಿರುವ ಲಾರಿ.

ಇನ್ನೊಂದನ್ನು ಹೇಳಲೇಬೇಕು: ಎಷ್ಟೋ ಸಾವುಗಳು ಕೆಲಸದ ಜಾಗದ ಒಳಗೇ ಆಗುತ್ತವೆ. ಹಿಂದಕ್ಕೆ ಬರುವ ಟಿಪ್ಪರಿನ ಬೆನ್ನಿಗೇ ನಿಂತವರು ಚಾಲಕನ ಕನ್ನಡಿಯಲ್ಲಿ ಕಾಣುವುದಿಲ್ಲ. ಸನ್ನೆ ಮಾಡುವವರಿಲ್ಲದೆ ಅದನ್ನು ಹಿಂದೆ ತೆಗೆಯಲು ಬಿಡಲೇಬಾರದು.