ಹಸಿರು ಟೈಲ್ಸ್ ಮುಂದೆ ಒಂದು ತವಾ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬರನ್ನು ಇಲ್ಲಿ ಗುಬ್ಬಕ್ಕ ಅಂತ ಕರೆಯುತ್ತೇನೆ. ನಿಜವಾದ ಹೆಸರಲ್ಲ, ಗುಬ್ಬಿ ಊರಿನವರೂ ಅಲ್ಲ. ದನಿ ಸಣ್ಣದು. ಕೈ ಒಂದು ಕಡೆ ನಿಲ್ಲುವುದಿಲ್ಲ, ಸೆರಗಿನ ತುದಿಯ ದಾರ ಎಳೆಯುತ್ತಲೇ ಇರುತ್ತಾರೆ. ಅದಕ್ಕೇ ಈ ಹೆಸರು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹತ್ತುವ ಒಂದೆರಡು ವಿವರ ಬದಲಾಯಿಸಿದ್ದೇನೆ. ದುಡ್ಡಿನ ಲೆಕ್ಕ ಮಾತ್ರ ಹಾಗೇ ಇದೆ. ಅದನ್ನು ಕಡಿಮೆ ಮಾಡಿ ಬರೀಬೇಡಿ ಅಂತ ಅವರೇ ಹೇಳಿದರು.

ವಯಸ್ಸು 34. ಬಿ.ಕಾಂ. ಓದಿದ್ದಾರೆ. ತುಮಕೂರಿನ ಬಟವಾಡಿ ಕಡೆ ಬಾಡಿಗೆ ಮನೆ. ಯಜಮಾನರಿಗೆ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳು ಮೂರನೇ ಕ್ಲಾಸು.

ಸೋಮವಾರ ಮಧ್ಯಾಹ್ನ ಬಂದು ಕೂತವರು ಎರಡೇ ನಿಮಿಷದಲ್ಲಿ ಮುಗಿಸಿದರು. "ಮೇಡಂ, ರಿವ್ಯೂ ಬರೆಯೋ ಕೆಲಸ ಅಂತ ಸೇರ್ಕೊಂಡೆ. 62 ಸಾವಿರ ಹೋಯ್ತು. ಮನೇಲಿ ಗೊತ್ತಿಲ್ಲ."

ಯಾವಾಗ ಹೋಯ್ತು ಅಂತ ಕೇಳಿದೆ. ಗುರುವಾರ ರಾತ್ರಿ. ಅಂದರೆ ನಾಲ್ಕು ದಿನ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರಾ ಅಂದರೆ ತಲೆ ಅಲ್ಲಾಡಿಸಿದರು, ಇಲ್ಲ ಅಂತ.

ಮೊದಲು ಪೂರ್ತಿ ಕೇಳು, ಆಮೇಲೆ ಮಾತಾಡು ಅಂತ ನಮಗೆ ಕಲಿಸಿರುತ್ತಾರೆ. ಇಂಥ ಪ್ರಕರಣದಲ್ಲಿ ನಾನು ಅದನ್ನು ಪಾಲಿಸುವುದಿಲ್ಲ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತೆ. ಮೊದಲ ಒಂದೆರಡು ಗಂಟೆಯಲ್ಲಿ ದೂರು ಕೊಟ್ಟರೆ ತಡೆಯುವ ಅವಕಾಶ ಜಾಸ್ತಿ, ನಾಲ್ಕು ದಿನದ ಮೇಲೆ ತೀರಾ ಕಡಿಮೆ. ಆದರೂ ಫೋನ್ ಮಾಡಲೇಬೇಕು. ಅಲ್ಲೇ ಕೂತು ಮಾಡಿಸಿದೆ. ಮೂರು ಪಾವತಿಯ ಯುಟಿಆರ್ ನಂಬರ್ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ), ದಿನಾಂಕ, ಕಳಿಸಿದ ಯುಪಿಐ ವಿಳಾಸ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಟೆಲಿಗ್ರಾಂ ಗುಂಪಿನಿಂದ ಹೊರಗೆ ಬರೋಕೆ ಹೊರಟಿದ್ದರು. ತಡೀರಿ, ಮೊದಲು ಸ್ಕ್ರೀನ್‌ಶಾಟ್ ಅಂದೆ. ಹೊರಗೆ ಬಂದಮೇಲೆ ಆ ಮಾತುಕತೆ ಮತ್ತೆ ಕೈಗೆ ಸಿಗದಿದ್ದರೆ ಪೊಲೀಸರಿಗೆ ತೋರಿಸೋದೇನು?

ಇಷ್ಟೆಲ್ಲ ಆದಮೇಲೆ ನೀರು ಕುಡಿದರು. ನಿಜವಾದ ಕಥೆ ಆಮೇಲೆ ಶುರುವಾಯಿತು.

ಹಿಂದಿನ ವರ್ಷದ ದಸರಾ ರಜೆ. ಮಗಳ ಸ್ಕೂಲಿನ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಲಿಂಕ್ ಹಾಕಿದ್ದರು. ಅವರು ಹೇಳಿದ ಸಾಮಾನನ್ನು ಶಾಪಿಂಗ್ ಆ್ಯಪ್‌ನಲ್ಲಿ ನಮ್ಮ ದುಡ್ಡಿನಲ್ಲೇ ತರಿಸಿಕೊಳ್ಳಬೇಕು. ಫೋಟೊ ತೆಗೆದು, ಐದು ಸ್ಟಾರ್ ಕೊಟ್ಟು, ನಾಲ್ಕು ಸಾಲು ಬರೆಯಬೇಕು. ರಿವ್ಯೂ ಆ್ಯಪ್‌ನಲ್ಲಿ ಕಾಣಿಸಿದ ಮೇಲೆ ಅದರ ಸ್ಕ್ರೀನ್‌ಶಾಟ್ ಕಳಿಸಬೇಕು. ಹತ್ತು ಹದಿನೈದು ದಿನಕ್ಕೆ ಸಾಮಾನಿನ ಬೆಲೆ ವಾಪಸ್ ಬರುತ್ತೆ, ಸಾಮಾನು ನಮಗೇ ಉಳಿಯುತ್ತೆ. ಮಾರುವವನು ಸುಮ್ನೆ ಯಾಕೆ ಕೊಡ್ತಾನೆ ಅಂತ ಅವರಿಗೂ ಅನಿಸಿತ್ತಂತೆ. ಆದರೆ ಮೊದಲ ಸಲ ದುಡ್ಡು ಬಂತು. ಮನೆಗೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಪುಕ್ಕಟೆ ಆಯಿತು. ಒಟ್ಟು ಹನ್ನೊಂದು ಸಲ ಹೀಗೆ ಮಾಡಿದರು. ಎರಡು ಸಲ ದುಡ್ಡು ಬರಲೇ ಇಲ್ಲ. ಕೇಳೋಣ ಅಂದರೆ ಆ ನಂಬರೇ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊಸ ಮೆಸೇಜು. ಈಗ ಸಾಮಾನು ತರಿಸೋದೂ ಬೇಡ. ಮ್ಯಾಪ್‌ನಲ್ಲಿರುವ ಹೋಟೆಲ್‌ಗಳಿಗೆ ಐದು ಸ್ಟಾರ್ ಒತ್ತಿದರೆ ಸಾಕು. ದಿನಕ್ಕೆ ಮೂರು, 150 ರೂಪಾಯಿ. ಮೂರು ದಿನ ಬಂತು, 450. ನಾಲ್ಕನೇ ದಿನ ಟೆಲಿಗ್ರಾಂ ಗುಂಪಿಗೆ ಸೇರಿಸಿದರು, 'ಪ್ರೀಪೇಯ್ಡ್ ಟಾಸ್ಕ್' ಅಂದರು. 1,000 ಕಟ್ಟಿದರೆ 1,300 ಬಂತು. 3,000 ಕಟ್ಟಿದರೆ 3,900 ಬಂತು. ಗಾಳಕ್ಕೆ ಹಾಕಿದ ಎರೆಹುಳ ಅಷ್ಟೇ.

ಆಮೇಲೆ 8,000 ಕಟ್ಟಿಸಿಕೊಂಡರು. ಪರದೆ ಮೇಲೆ 11,200 ಕಾಣುತ್ತೆ, ತೆಗೆಯೋಕೆ ಬರಲ್ಲ. 'ಇದು ಮೂರು ಟಾಸ್ಕಿನ ಸೆಟ್, ಪೂರ್ತಿ ಮಾಡಬೇಕು' ಅಂದರು. ಚೀಟಿ ಎತ್ತಿದ ದುಡ್ಡಿನಿಂದ 18,000 ಹೋಯಿತು. ಆಮೇಲೆ 'ನೀವು ಬಟನ್ ತಪ್ಪು ಒತ್ತಿದ್ರಿ, ನಿಮ್ಮ ಸ್ಕೋರ್ ಇಳಿದಿದೆ' ಅಂತ ಹೇಳಿ 36,000 ಕೇಳಿದರು. ಕಿವಿಯೋಲೆ ಅಡವಿಟ್ಟು ಕಟ್ಟಿದರು. ಪರದೆ ಮೇಲೆ ಲಕ್ಷದ ಮೇಲೆ ಕಾಣುತ್ತಿತ್ತು. ಅದನ್ನು ತೆಗೆಯೋಕೆ 40,000 'ತೆರಿಗೆ' ಕಟ್ಟಿ ಅಂದಾಗ ಕಟ್ಟೋಕೆ ಏನೂ ಉಳಿದಿರಲಿಲ್ಲ. ಅಷ್ಟೇ ಆದದ್ದು ಪುಣ್ಯ.

ಇಂಥ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಜನ ಅನ್ನೋದು ಒಂದೇ: ಆಸೆ ಬಿದ್ದರು, ಅನುಭವಿಸಿದರು. ನನಗೆ ಆ ಮಾತು ಕೇಳಿದರೆ ಕೋಪ ಬರುತ್ತೆ. ಗುಬ್ಬಕ್ಕನ ಫೋನಿನಲ್ಲಿ ಆ ಗುಂಪಿನ ಮಾತುಕತೆ ಓದಿದೆ. ಅಲ್ಲಿ ಇವರ ಜೊತೆ ಇನ್ನೂ ನಾಲ್ಕು ಜನ 'ಸದಸ್ಯರು'. ಇವರು ಇನ್ನು ಆಗಲ್ಲ ಅಂದ ತಕ್ಷಣ ಒಬ್ಬಳು ಬರೆದಿದ್ದಾಳೆ: "ಅಕ್ಕಾ ಪ್ಲೀಸ್, ನೀವು ಮುಗಿಸದಿದ್ರೆ ನಮ್ಮೆಲ್ಲರ ದುಡ್ಡೂ ನಿಲ್ಲುತ್ತೆ. ನನ್ನ ಮಗನ ಫೀಸು ಅದರಲ್ಲೇ ಇದೆ." ಇನ್ನೊಬ್ಬ ಬೈದಿದ್ದಾನೆ. ಮಗನ ಫೀಸಿನವಳು ಮತ್ತೆ ಅತ್ತಿದ್ದಾಳೆ. ಆ ನಾಲ್ವರೂ ಮೋಸಗಾರರ ಕಡೆಯವರೇ. ಒಬ್ಬನೇ ಕೂತು ನಾಲ್ಕು ಹೆಸರಲ್ಲಿ ಬರೆದಿದ್ದರೂ ಆಶ್ಚರ್ಯವಿಲ್ಲ. ಓಲೆ ಬಿಚ್ಚಿಕೊಟ್ಟದ್ದು ಆಸೆಗಲ್ಲ, ದಾಕ್ಷಿಣ್ಯಕ್ಕೆ. ಎಂದೂ ಕಾಣದ ಒಂದು ಮಗುವಿನ ಫೀಸಿಗೆ.

ಇದನ್ನು ಅವರಿಗೆ ಹೇಳಿದಾಗ ಮೊದಲ ಸಲ ತಲೆ ಎತ್ತಿ ನೋಡಿದರು.

ಹಾಗಿದ್ದರೆ ನಾಲ್ಕು ದಿನ ಯಾಕೆ ಸುಮ್ಮನಿದ್ದರು? ಗಂಡನ ಭಯ ಇತ್ತು, ನಿಜ. ಅದಕ್ಕಿಂತ ಜಾಸ್ತಿ ಕಾಡಿದ್ದು ಆ ಹನ್ನೊಂದು ರಿವ್ಯೂ. ದೂರು ಕೊಟ್ಟರೆ ಪೊಲೀಸರು ಫೋನ್ ನೋಡ್ತಾರೆ, ಹಳೆಯದೆಲ್ಲ ಕೇಳ್ತಾರೆ, ನನ್ನನ್ನೇ ಕಳ್ಳಿ ಅಂತಾರೆ ಅನ್ನೋ ಹೆದರಿಕೆ. ಅದರಲ್ಲೂ ಒಂದು ರಿವ್ಯೂ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಅದು 899 ರೂಪಾಯಿಯ ನಾನ್‌ಸ್ಟಿಕ್ ತವಾ. ಮಾರುವವನು ಕಳಿಸಿದ್ದ ಇಂಗ್ಲಿಷ್ ಸಾಲುಗಳು ಸಪ್ಪೆ ಅನ್ನಿಸಿ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿದ್ದರು: 'ಎರಡು ತಿಂಗಳಿಂದ ಬಳಸ್ತಿದೀನಿ. ಎಣ್ಣೆ ಹನಿ ಸಾಕು, ದೋಸೆ ತಾನಾಗೇ ಏಳುತ್ತೆ. ನಮ್ಮತ್ತೆ ಕಬ್ಬಿಣದ ಹೆಂಚು ಅಟ್ಟಕ್ಕೆ ಹಾಕಿದ್ರು.' ಎಷ್ಟು ಚೆಂದ ಬರೆದಿದ್ದಾರೆ, ಅಲ್ವಾ? ಓದಿದರೆ ನಾನೂ ತಗೊಳ್ತಿದ್ದೆ. ತವಾ ಮನೆಗೆ ಬಂದು ಆಗಿದ್ದದ್ದು ಎರಡು ದಿನ. ಫೋಟೊವನ್ನು ಹಿಗ್ಗಿಸಿ ನೋಡಿದರೆ ಹಿಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಇದೆ. ಹಿಂದೆ ಅಡುಗೆಮನೆಯ ಹಸಿರು ಟೈಲ್ಸ್. ಅತ್ತೆ ತೀರಿಕೊಂಡು ಮೂರು ವರ್ಷ.

ಇಪ್ಪತ್ತು ದಿನಕ್ಕೆ ಕೋಟಿಂಗ್ ಏಳೋಕೆ ಶುರುವಾಯಿತು. ಅಷ್ಟರಲ್ಲಿ ತಿಪಟೂರಿನಿಂದ ಅತ್ತಿಗೆಯ ಫೋನು. ಅಣ್ಣನ ಹೆಂಡತಿ. "ಆನ್‌ಲೈನಲ್ಲಿ ಒಂದು ತವಾ ತರಿಸಿದ್ದೆ ಕಣೆ. ದೋಸೆಗೆಲ್ಲ ಕಪ್ಪು ಚೂರು ಬರ್ತಿದೆ, ಮಕ್ಕಳು ಮುಟ್ತಿಲ್ಲ. ರಿವ್ಯೂ ನಂಬಿ ತಗೊಂಡೆ. ಅದರಲ್ಲಿ ಒಂದು ಫೋಟೊ ಇತ್ತು ನೋಡು, ಟೈಲ್ಸು ನಿಮ್ಮನೆ ಥರಾನೇ." ಗುಬ್ಬಕ್ಕ ಹೂಂ ಅಂದು ಫೋನಿಟ್ಟರು. 62 ಸಾವಿರದ ಲೆಕ್ಕ ಹೇಳುವಾಗ ಬಾರದ ಅಳು ಇದನ್ನು ಹೇಳುವಾಗ ಬಂತು. "ದುಡ್ಡು ಹೋಗಿದ್ದು ನನಗೆ ದೇವರು ಕೊಟ್ಟ ಶಿಕ್ಷೆ ಮೇಡಂ," ಅಂದರು.

ಶಿಕ್ಷೆ ಅಂತ ಒಪ್ಪಿಕೊಂಡವರು ದೂರು ಯಾಕೆ ಕೊಡ್ತಾರೆ? ಗಂಟು ಇದ್ದದ್ದು ಇಲ್ಲೇ. ಎರಡು ಬೇರೆ ಬೇರೆ ಲೆಕ್ಕವನ್ನು ಅವರು ಒಂದೇ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಬಿ.ಕಾಂ. ಓದಿದವರಿಗೆ ಆ ಭಾಷೆಯಲ್ಲೇ ಹೇಳಿದೆ. "ನಿಮಗೆ ಆದ ಮೋಸ ಒಂದು ಖಾತೆ. ಅದರಲ್ಲಿ ನೀವು ದೂರುದಾರರು. ನೀವು ಬರೆದ ಸುಳ್ಳು ಇನ್ನೊಂದು ಖಾತೆ. ಅದನ್ನು ತಿದ್ದೋಣ, ಆದರೆ ಇದಕ್ಕೆ ಅದನ್ನು ಜಮಾ ಮಾಡಬೇಡಿ."

ಎರಡನೇ ಖಾತೆಯ ಬಗ್ಗೆ ಸಮಾಧಾನದ ಸುಳ್ಳು ಹೇಳಲಿಲ್ಲ. ಎಲ್ಲರೂ ಮಾಡ್ತಾರೆ ಬಿಡಿ ಅನ್ನಲಿಲ್ಲ. ಐಎಸ್‌ಐ ಮುದ್ರೆ ಕೊಡುವ ಬಿಐಎಸ್ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೇ ಒಂದು ಮಾನಕ ತಂದಿದೆ, ಐಎಸ್ 19000:2022 ಅಂತ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಹಾಕಬಾರದು ಅನ್ನೋದು ಅದರ ಒಂದು ಮುಖ್ಯ ಮಾತು. ಅದು ರಿವ್ಯೂ ಪ್ರಕಟಿಸುವ ಜಾಲತಾಣಗಳಿಗೆ ಮಾಡಿದ್ದು, ಮನೆಯಲ್ಲಿ ಕೂತು ಬರೆದವರನ್ನು ಜೈಲಿಗೆ ಹಾಕೋಕಲ್ಲ. ಶಾಪಿಂಗ್ ಆ್ಯಪ್‌ನವರು ಅವರ ಖಾತೆ ಮುಚ್ಚಬಹುದು, ರಿವ್ಯೂಗಳನ್ನು ಅಳಿಸಬಹುದು. ಅಷ್ಟಕ್ಕೆ ತಯಾರಿರಿ ಅಂದೆ.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಸುತ್ತು ಬಳಸದೆ ಕೇಳಿದೆ: "ಬದುಕೋದೇ ಬೇಡ ಅನ್ನಿಸಿತ್ತಾ?" ಶುಕ್ರವಾರ ರಾತ್ರಿ ಅನ್ನಿಸಿತ್ತು ಅಂದರು. ಯಜಮಾನರು ನೈಟ್ ಶಿಫ್ಟಿಗೆ ಹೋಗಿದ್ದರು, ಮಗಳು ಎದ್ದು ನೀರು ಕೇಳಿದಳಂತೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ ಕೆಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹೇಳಿಕೊಳ್ಳೋಕೆ ದಾರಿಯಾಗುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ವಾರ ದಿನಾ ಸಂಜೆ ನನಗೊಂದು ಮೆಸೇಜ್ ಹಾಕಬೇಕು ಅಂತಲೂ ಮಾತಾಯಿತು. ಹಾಕಿದರು. ಒಂದು ದಿನ ಬರೀ 'ಅವರೆಕಾಳು ಸಾರು' ಅಂತ ಬಂದಿತ್ತು. ನನಗೆ ಅಷ್ಟೇ ಸಾಕಿತ್ತು.

ಮರುದಿನ ಬ್ಯಾಂಕಿಗೆ ಲಿಖಿತ ದೂರು ಕೊಟ್ಟರು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ವಿವರ ತುಂಬಿದರು, ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೂ ಹೋಗಿಬಂದರು. ಹನ್ನೊಂದು ರಿವ್ಯೂ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ. ಮೂರು ವಿಷಯ ಮಾತ್ರ ಬಿಗಿಯಾಗಿ ಹೇಳಿ ಕಳಿಸಿದ್ದೆ. 'ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸ್ ಕಟ್ಟಿ' ಅಂತ ಯಾರಾದರೂ ಫೋನ್ ಮಾಡಿದರೆ ಅದು ಎರಡನೇ ಸುತ್ತಿನ ಮೋಸ. ಮತ್ತೆ, ಅವರಿಗೆ ಬಂದಿದ್ದ 1,300, 3,900 ಯಾರದ್ದು ಅಂತ ಯೋಚಿಸಿದ್ರಾ? ಅದು ಸಾಮಾನ್ಯವಾಗಿ ಇವರ ಹಾಗೇ ಸಿಕ್ಕಿಬಿದ್ದ ಬೇರೆ ಯಾರದ್ದೋ ದುಡ್ಡು. ಅವರು ದೂರು ಕೊಟ್ಟರೆ ಇವರ ಖಾತೆಯೂ ತಡೆಗೆ ಸಿಗಬಹುದು. ಆದ್ದರಿಂದ ಆ ಪಾವತಿಗಳನ್ನೂ ದೂರಿನಲ್ಲಿ ತಾವಾಗೇ ಬರೆಯಬೇಕು, ಮುಚ್ಚಿಡಬಾರದು. ಕಮಿಷನ್ ಕೊಡ್ತೀವಿ, ನಿಮ್ಮ ಖಾತೆ ಬಾಡಿಗೆಗೆ ಕೊಡಿ ಅಂದರಂತೂ ಕನಸಿನಲ್ಲೂ ಒಪ್ಪಬಾರದು.

ಮೂರನೇ ಸಲ ಗಂಡ ಹೆಂಡತಿ ಇಬ್ಬರೂ ಬಂದರು. ಮನೆಯಲ್ಲಿ ಹೇಳೋಕೆ ಧೈರ್ಯ ಸಾಲದು, ನಿಮ್ಮೆದುರಿಗೇ ಹೇಳ್ತೀನಿ ಅಂದಿದ್ದರು. ಹೇಳಿದರು. ಆ ಮನುಷ್ಯ ತುಂಬ ಹೊತ್ತು ಕಿಟಕಿ ಕಡೆ ನೋಡುತ್ತಿದ್ದರು. ಆಮೇಲೆ, "ದುಡ್ಡು ಬೇಕಿದ್ರೆ ನನ್ನ ಕೇಳಬಹುದಿತ್ತಲ್ಲೇ" ಅಂದರು. ಒಳ್ಳೆಯ ಮಾತೇ. ಗುಬ್ಬಕ್ಕ ಸಣ್ಣ ದನಿಯಲ್ಲಿ, "ಪ್ರತಿ ಸಲ ಕೇಳೋದು ಬೇಡ ಅಂತಲೇ ಮಾಡಿದ್ದು ಕಣ್ರೀ" ಅಂದರು. ಗೃಹಲಕ್ಷ್ಮಿಯ 2,000 ಬಂದ ದಿನ ಅದು ರೇಷನ್ನಿಗೆ, ಗ್ಯಾಸಿಗೆ ಹೋಗುತ್ತೆ. ಮಗಳಿಗೆ ಒಂದು ಹೇರ್‌ಬ್ಯಾಂಡ್ ಕೊಡಿಸಬೇಕಾದರೂ ಲೆಕ್ಕ ಒಪ್ಪಿಸಬೇಕು. ನಂದು ಅನ್ನೋ ಹಾಗೆ ಕೈಯಲ್ಲಿ ನಾಲ್ಕು ಕಾಸು ಇರಲಿ ಅನ್ನೋದು ಆಸೆಬುರುಕತನವಾ? ಆ ದಿನ ನಾನು ಹೆಚ್ಚು ಮಾತಾಡಲಿಲ್ಲ. ಓಲೆ ಬಿಡಿಸೋಕೆ ತಿಂಗಳಿಗೆ ಎಷ್ಟು ಅಂತ ಇಬ್ಬರೂ ಸೇರಿ ಲೆಕ್ಕ ಹಾಕಿದರು. ಅದರಲ್ಲಿ 1,000 ರೂಪಾಯಿ ಲೆಕ್ಕ ಕೇಳದ ದುಡ್ಡು ಅಂತ ಹೆಂಡತಿಗೆ ತೆಗೆದಿಟ್ಟರು. ಅದು ಯಜಮಾನರದ್ದೇ ಸಲಹೆ.

ರಿವ್ಯೂ ಬರೆದು ನಿಜವಾಗಿ ಸಂಪಾದಿಸೋಕೆ ಆಗಲ್ವಾ ಅಂತ ಕೊನೆಗೆ ಕೇಳಿದರು. ಆಗುತ್ತೆ, ಆದರೆ ನೀವು ಅಂದುಕೊಂಡಷ್ಟಲ್ಲ. ಆಯ್ದ ಗ್ರಾಹಕರಿಗೆ ಸಾಮಾನು ಕೊಟ್ಟು ರಿವ್ಯೂ ಬರೆಸುವ, ಅಮೆಜಾನ್‌ನ 'ವೈನ್' (Vine) ಥರದ ಯೋಜನೆಗೆ ಅವರೇ ಕರೆಯಬೇಕು, ಅಲ್ಲೂ ಸಿಗೋದು ಸಾಮಾನು, ಸಂಬಳವಲ್ಲ. ಅಭಿಪ್ರಾಯ ಕೇಳುವ ಸರ್ವೆ ಆ್ಯಪ್‌ಗಳಲ್ಲಿ ಬರೋದು ಚಿಲ್ಲರೆ. ಅಫಿಲಿಯೇಟ್ ಲಿಂಕ್ ಹಾಕಿದರೆ, ಯಾರಾದರೂ ಅದರ ಮೂಲಕ ಕೊಂಡರೆ ಮಾತ್ರ ಸಣ್ಣ ಕಮಿಷನ್. ಕಮಿಷನ್ ಸಿಗುತ್ತೆ ಅಂತ ನೋಡುವವರಿಗೆ ತಿಳಿಸಲೂಬೇಕು. ಯೂಟ್ಯೂಬ್‌ನಲ್ಲಿ ಉದ್ದ ವಿಡಿಯೊ ಹಾಕಿ ಜಾಹೀರಾತಿನ ಪಾಲು ಪಡೆಯಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ಇದರಲ್ಲಿ ಯಾವುದರಲ್ಲೂ ಕೆಲಸ ಕೊಡುವವನು ನಿಮ್ಮಿಂದ ದುಡ್ಡು ಕಟ್ಟಿಸಿಕೊಳ್ಳಲ್ಲ. ಅದೊಂದು ನೆನಪಿರಲಿ ಅಂದೆ. ಸದ್ಯಕ್ಕೆ ಅವರು ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ದಿನಕ್ಕೆ ಎರಡು ಗಂಟೆ ಬಿಲ್ ಎಂಟ್ರಿ ಮಾಡ್ತಾರೆ. ಟ್ಯಾಲಿ ಮರೆತಿದ್ದರಂತೆ, ವಾರದಲ್ಲಿ ಕೈಗೆ ಬಂತು.

ದೂರಿನ ಮೇಲೆ 9,000 ರೂಪಾಯಿ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ. ಅದು ಕೈಗೆ ಬರೋಕೆ ಅರ್ಜಿ ಹಾಕಿದ್ದಾರೆ. ಉಳಿದದ್ದು ಎಲ್ಲಿ ಹೋಯಿತೋ.

ಅತ್ತಿಗೆಗೆ ಯುಗಾದಿ ದಿನ ಹೇಳಿದರು, ಒಬ್ಬಟ್ಟು ತಟ್ಟುತ್ತಾ. ಅತ್ತಿಗೆ ಮೊದಲು ನಕ್ಕರಂತೆ, ಆಮೇಲೆ ಎರಡು ದಿನ ಮಾತು ಬಿಟ್ಟರಂತೆ. ಗುಬ್ಬಕ್ಕ ಆ ತವಾ ರಿವ್ಯೂ ತಿದ್ದಿ 'ಮಾರುವವರು ದುಡ್ಡು ಕೊಟ್ಟು ಬರೆಸಿದ್ದು' ಅಂತ ಸೇರಿಸಿದ್ದರು. ಆ್ಯಪ್ ಅದನ್ನು ಹಾಕಲಿಲ್ಲ, ನಿಯಮಕ್ಕೆ ಹೊಂದಲ್ಲ ಅಂತ ಬಂತು. ಇಷ್ಟು ದಿನ ಸುಳ್ಳು ಹಾಕ್ಕೊಂಡವರು ನಿಜ ಹಾಕಲ್ವಂತೆ ಅಂತ ನನಗೆ ಫೋನ್ ಮಾಡಿ ನಕ್ಕರು. ಮತ್ತೆ ಬರೆದರು, ಬರೀ ತವಾ ಬಗ್ಗೆ. ಒಂದು ಸ್ಟಾರ್. 'ಇಪ್ಪತ್ತು ದಿನಕ್ಕೆ ಕೋಟಿಂಗ್ ಎದ್ದಿದೆ. ಮಕ್ಕಳಿರೋ ಮನೆಗೆ ಬೇಡ. ಹೆಂಚು ಅಟ್ಟದಿಂದ ಇಳಿಸಿದೀನಿ.' ಈ ಸಲ ಹಾಕಿದ್ದಾರೆ. ಫೋಟೊದಲ್ಲಿ ಅದೇ ಹಸಿರು ಟೈಲ್ಸ್, ಮುಂದೆ ಸುಲಿದು ಹೋದ ತವಾ.