ಸ್ವಯಂ ಶಿಸ್ತು ಎಂದರೇನು, ಅದನ್ನು ರೂಢಿಸಿಕೊಳ್ಳುವುದು ಹೇಗೆ?

ಶಿಸ್ತು ಎಂದರೆ ಮನಸ್ಸನ್ನು ಬಿಗಿಹಿಡಿಯುವುದೇ, ಎಷ್ಟು ನಿಶ್ಚಯ ಮಾಡಿದರೂ ಅದು ವಾರದೊಳಗೆ ಕೈತಪ್ಪುವುದೇಕೆ ಎಂದು ಕೇಳಿದ್ದೀರಿ. ನಲವತ್ತು ದಾಟಿದ ಮೇಲೆ ವೀಣೆ ಕಲಿಯಲು ಕುಳಿತವನು ನಾನು. ಆ ಅನುಭವದಿಂದಲೇ ಉತ್ತರಿಸುತ್ತೇನೆ.

ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ, ಅಂದರೆ ಸ್ವರಗಳನ್ನು ಏರಿಳಿಸಿ ಪಳಗಿಸುವ ಸರಳ ಪಾಠಗಳ ಸಾಲು. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಈ ಪಾಠಗಳನ್ನು 15ನೆಯ ಮೇಳಕರ್ತ (ಮೂಲ ರಾಗ) ಆದ ಮಾಯಾಮಾಳವಗೌಳದಲ್ಲಿ, ಎಂಟು ಎಣಿಕೆಯ ಆದಿತಾಳಕ್ಕೆ, ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಸಾಧಿಸಬೇಕು. ತಾಳದ ಒಂದು ಆವರ್ತಕ್ಕೆ (ಸುತ್ತಿಗೆ) ಮೊದಲನೆಯ ಕಾಲದಲ್ಲಿ 8 ಸ್ವರ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ಮೂರನೆಯ ಕಾಲವೇ ಕಷ್ಟವೆಂದು ನಾನು ತಿಳಿದಿದ್ದೆ. ನನ್ನನ್ನು ಸೋಲಿಸಿದ್ದು ಮೊದಲನೆಯದು. ಅಲ್ಲಿ ಸ್ವರಕ್ಕೂ ಸ್ವರಕ್ಕೂ ನಡುವೆ ಎಷ್ಟು ತೆರಪಿರುತ್ತದೆಂದರೆ, ಬೆರಳು ತಂತಿಯಡಿಯ ಮೆಟ್ಟಿನ ಮೇಲೆ ನೆಟ್ಟಗೆ ಕೂರದೆ ತಂತಿ ಜಿರ್ರೆಂದದ್ದು, ಮೀಟು ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ ಬಿದ್ದದ್ದು ಎಲ್ಲವೂ ಕಿವಿಗೆ ರಾಚುತ್ತದೆ. ವೇಗದಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಮನೆಯಲ್ಲಿ ಒಬ್ಬನೇ ಇದ್ದಾಗ ಮೊದಲನೆಯ ಕಾಲವನ್ನು ಹಾರಿಸಿಬಿಡುತ್ತಿದ್ದೆ. ಒಂದು ದಿನ ಗುರುಗಳು ಒಂದೇ ವರಸೆ ಕೇಳಿ, “ಮನೆಯಲ್ಲಿ ನಿಧಾನವಾಗಿ ನುಡಿಸಿಲ್ಲ ಅಲ್ಲವೇ?” ಎಂದರು. ಯಾರೂ ಕೇಳಿಸಿಕೊಳ್ಳದಿರುವಾಗ ಹಾರಿಸಬಹುದಾದ ಭಾಗವನ್ನು ಹಾರಿಸದೆ ನುಡಿಸುವುದನ್ನೇ ನಾನು ಅಂದಿನಿಂದ ಸ್ವಯಂ ಶಿಸ್ತು ಎಂದು ಕರೆಯುತ್ತಿದ್ದೇನೆ.

ಇನ್ನು ರೂಢಿಯ ಮಾತು. ಛಲದಿಂದ ಹೊರಟಾಗ ದಿನಕ್ಕೆ ಒಂದು ಗಂಟೆ ಎಂದುಕೊಂಡೆ. ಬೆರಳ ತುದಿ ಉರಿದು ನಾಲ್ಕನೆಯ ದಿನ ನಿಂತಿತು. ಆಮೇಲೆ 20 ನಿಮಿಷಕ್ಕೆ ಇಳಿಸಿ, ಬೆಳಗಿನ ಕಾಫಿ ಮುಗಿದೊಡನೆ, ಪೇಪರು ಬಿಡಿಸುವ ಮುನ್ನ ಎಂದು ಹೊತ್ತು ಗೊತ್ತುಮಾಡಿದೆ. ವೀಣೆಯನ್ನು ಗವಸಿನಿಂದ ತೆಗೆಯುವ ಸೋಮಾರಿತನಕ್ಕೇ ಎಷ್ಟೋ ದಿನ ಕಳೆದಿದ್ದವು (ಹೇಳಿಕೊಳ್ಳಲು ನಾಚಿಕೆ). ಈಗ ರಾತ್ರಿಯೇ ಚಾಪೆ ಹಾಸಿ, ವೀಣೆಯನ್ನು ಅದರ ಮೇಲಿಟ್ಟು ಪಂಚೆ ಹೊದಿಸಿ, ಪಕ್ಕದಲ್ಲಿ ಬೆರಳಿಗೆ ಹಚ್ಚುವ ಎಣ್ಣೆಯ ಬಟ್ಟಲಿಟ್ಟು ಮಲಗುತ್ತೇನೆ. ಬೆಳಿಗ್ಗೆ ನಿಶ್ಚಯ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಹೋಗಿ ಕೂರುವುದಷ್ಟೇ.

ನೀವು ಕೈಬಿಡುವುದು ಬಹುಶಃ ತಪ್ಪಿದ ದಿನದಂದಲ್ಲ, ಅದರ ಮರುದಿನ. ತಪ್ಪಿದ್ದನ್ನು ಸೇರಿಸಿ 40 ನಿಮಿಷ ತೀರಿಸಹೊರಟರೆ ಅಭ್ಯಾಸ ಸಾಲವಾಗುತ್ತದೆ, ಸಾಲ ಕೊಟ್ಟವನ ಮುಂದೆ ಯಾರೂ ಸುಮ್ಮನೆ ಹೋಗಿ ನಿಲ್ಲುವುದಿಲ್ಲ. ಕಳೆದ ತಿಂಗಳು ಜ್ವರದಿಂದ ನಾನು ಐದು ದಿನ ವೀಣೆ ಮುಟ್ಟಲಿಲ್ಲ. ಆರನೆಯ ದಿನ ನುಡಿಸಿದ್ದು 20 ನಿಮಿಷ, ಮೊದಲನೆಯ ಕಾಲ ಮಾತ್ರ.