ಮಾಜಿ ಸೈನಿಕರ ಸಂಘದ ಚರಿತ್ರೆ: ನಡಾವಳಿ ಪುಸ್ತಕ ನಂಬಬೇಡಿ

ನಿಮ್ಮ ಮಾಜಿ ಸೈನಿಕರ ಸಂಘದ ಚರಿತ್ರೆ ಬರೆಯಲು ಹೊರಟು, ಅದನ್ನು ಸ್ಥಾಪಕರಿಂದ ಶುರು ಮಾಡಲಾ, ಯುದ್ಧಗಳಿಂದಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿ ಕೈ ಸುಟ್ಟುಕೊಂಡವನು.

ನಮ್ಮದು ಕೊಡಗಿನ ಒಂದು ಸಣ್ಣ ಪೇಟೆ. ಇಲ್ಲಿ ಮಾಜಿ ಸೈನಿಕರ ಮಾತು ಬಂದರೆ ಎಲ್ಲರೂ ಕಾರ್ಯಪ್ಪನವರಿಂದಲೇ ಶುರು ಮಾಡುತ್ತಾರೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಕಮಾಂಡರ್-ಇನ್-ಚೀಫ್ ಆದವರು, 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರೀಯ ಸಂಘಟನೆಯಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದವರು. ನಾನೂ ಹಾಗೇ ಬರೆದೆ. ಆಮೇಲೆ ಜನರಲ್ ತಿಮ್ಮಯ್ಯನವರು, 1965, 1971ರ ಯುದ್ಧಗಳು. ಅರ್ಧ ಪುಸ್ತಕ ತುಂಬಿತು. ಅದರಲ್ಲಿ ನಮ್ಮ ಪೇಟೆಯೇ ಇರಲಿಲ್ಲ.

ಉಳಿದರ್ಧಕ್ಕೆ ಸಂಘದ ಸಭೆಗಳ ನಡಾವಳಿ ಪುಸ್ತಕ ನಂಬಿದೆ. ಎಡವಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಡಾವಳಿಯಲ್ಲಿ ಇರುವುದು ಅಧ್ಯಕ್ಷರು, ಕಾರ್ಯದರ್ಶಿ, ಸೈನಿಕರಿಗಾಗಿ ಹಣ ಕೂಡಿಸುವ ಡಿಸೆಂಬರ್ 7ರ ಧ್ವಜ ದಿನದ ಲೆಕ್ಕ. ಸಂಘ ವರ್ಷವಿಡೀ ಮಾಡುತ್ತಿದ್ದ ಕೆಲಸ ಬೇರೆ. ಸೈನಿಕ ರಜೆಯಲ್ಲಿ ಬಂದು ಮದುವೆಯಾಗಿರುತ್ತಾನೆ. ಮದುವೆಯಂಥ ವಿವರ ದಾಖಲಿಸುವ ಸೇನೆಯ ಪಾರ್ಟ್ ಟೂ ಆರ್ಡರಿನಲ್ಲಿ ಹೆಂಡತಿಯ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಅವನು ತೀರಿಕೊಂಡರೆ ಕುಟುಂಬ ಪಿಂಚಣಿ ಶುರುವಾಗುವುದೇ ಇಲ್ಲ. ಮದ್ರಾಸ್ ರೆಜಿಮೆಂಟಿನವನಾದರೆ ಸೇವಾ ದಾಖಲೆ ಇಡುವ ನೀಲಗಿರಿಯ ವೆಲ್ಲಿಂಗ್ಟನ್ನಿನ ರೆಕಾರ್ಡ್ ಆಫೀಸಿಗೆ, ಆಮೇಲೆ ಅಲಹಾಬಾದಿನ (ಈಗಿನ ಪ್ರಯಾಗ್‌ರಾಜ್) ಪಿಂಚಣಿ ಕಚೇರಿಗೆ ಪತ್ರದ ಮೇಲೆ ಪತ್ರ ಹೋಗಬೇಕು. ನಮ್ಮಲ್ಲಿ ಅದನ್ನೆಲ್ಲ ಬರೆದುಕೊಡುತ್ತಿದ್ದವರು ನಿವೃತ್ತ ಹವಾಲ್ದಾರರೊಬ್ಬರು. ಸಂಘದಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಹಾಗಾಗಿ ನಡಾವಳಿಯಲ್ಲಿ ಅವರ ಹೆಸರಿಲ್ಲ, ನನ್ನ ಪುಸ್ತಕದಲ್ಲೂ ಬರಲಿಲ್ಲ. ಅಚ್ಚಾದ ಮೇಲೆ ಒಬ್ಬ ಅಜ್ಜಿ ಪುಟ ತಿರುಗಿಸಿ, "ಅವರ ಫೋಟೊ ಎಲ್ಲಿ ಮಗಾ?" ಅಂದರು. ಅಷ್ಟರಲ್ಲಿ ಆ ಹವಾಲ್ದಾರರು ತೀರಿಕೊಂಡಿದ್ದರು. ಪತ್ರಗಳ ಪ್ರತಿಗಳೆಲ್ಲ ಗುಜರಿಗೆ ಹೋಗಿದ್ದವು. ಆ ಅಧ್ಯಾಯವನ್ನು ಈಗ ಯಾರಿಂದಲೂ ಬರೆಸಲು ಆಗದು.

ಸಂಘ ಕಟ್ಟಿದ್ದು ಯಾರು ಅನ್ನುವುದು ಒಂದು ಸಾಲಿನ ವಿಷಯ. ಅದಕ್ಕಾಗಿ ಜಾಸ್ತಿ ಜಗಳ ಬೇಡ. ತೀರಿಕೊಂಡ ಸೈನಿಕರ ಹೆಂಡತಿಯರಿಂದ ಶುರು ಮಾಡಿ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಪೇಟೆಗೆ ಬರುತ್ತಾರೆ, ಸೇನೆಯ ಕ್ಯಾಂಟೀನಿಗೂ ಬರುತ್ತಾರೆ. ಅರ್ಜಿ ಬರೆದುಕೊಟ್ಟವರು ಯಾರು, ಪಿಂಚಣಿ ಬರಲು ಎಷ್ಟು ವರ್ಷ ಹಿಡಿಯಿತು ಅಂತ ಕೇಳಿ. ಗಂಡಸರು ಯುದ್ಧದ ಕಥೆ ಹೇಳುತ್ತಾರೆ, ಸಂಘದ ಕಥೆ ಗೊತ್ತಿರುವುದು ಇವರಿಗೆ. ಗಂಡನ ಸೇವೆಯ ವಿವರವಿರುವ ಡಿಸ್ಚಾರ್ಜ್ ಬುಕ್ ತೋರಿಸಿದರೆ ಅಲ್ಲೇ ಫೋಟೊ ತೆಗೆದು ಅವರ ಕೈಗೇ ವಾಪಸ್ ಕೊಡಿ. ಮನೆಗೆ ಮಾತ್ರ ಒಯ್ಯಬೇಡಿ, ಅದು ಕಳೆದರೆ ಅವರು ಮತ್ತೆ ಕಚೇರಿ ಅಲೆಯಬೇಕು.